ಗಾದಿಲಿಂಗಪ್ಪ ನೆಟ್ಟ ಕಲ್ಲು

ಹೊಸ ಕಬ್ಬೇರಹಾಳಕ್ಕೆ ದಾರಿ ಯಾವುದು ಎಂದು ಗಿಣಿಗೇರಿಯ ಚಹಾದಂಗಡಿಯಲ್ಲಿ ಕೇಳಿದರೆ ಇವತ್ತಿಗೂ ಒಂದು ಗಳಿಗೆ ಯೋಚಿಸುತ್ತಾರೆ. ಆಮೇಲೆ, "ಓ, ಮುಳುಗಡಿ ಕ್ಯಾಂಪೇನ್ರಿ?" ಎನ್ನುತ್ತಾರೆ. ಆ ಊರಿನವರ ಮುಂದೆ ಮಾತ್ರ ಹಾಗೆ ಅನ್ನಬೇಡಿ. ಮನೆ ಇದೆ, ಹೊಲ ಇದೆ, ಸಾಲೆ ಇದೆ, ಸತ್ತವರನ್ನು ಹೂಳಲು ಜಾಗವಿದೆ. ಇಷ್ಟಿದ್ದೂ ಕ್ಯಾಂಪು ಎನಿಸಿಕೊಳ್ಳುವುದೆಂದರೆ ಯಾರಿಗಾದರೂ ಮೈ ಉರಿಯುತ್ತದೆ.

ಊರಿನ ದಕ್ಷಿಣಕ್ಕೊಂದು ಬೋಳುಗುಡ್ಡ. ಅದನ್ನು ಹತ್ತಿ ನಿಂತರೆ ದೂರದಲ್ಲಿ ತುಂಗಭದ್ರೆಯ ಹಿನ್ನೀರು ಬೆಳ್ಳಗೆ ಕಾಣುತ್ತದೆ. ಹಳೆಯ ಕಬ್ಬೇರಹಾಳ ಆ ನೀರಿನಡಿಗಿದೆ. ಡ್ಯಾಮು ಕಟ್ಟಿದಾಗ ಎತ್ತಿನ ಬಂಡಿಗಳಲ್ಲಿ ಬಾಗಿಲು, ತೊಲೆ, ಒಳಕಲ್ಲು, ಕೊಡಪಾನ ಹೇರಿಕೊಂಡು ಜನ ಇಲ್ಲಿಗೆ ಬಂದರು. ಬಾರದೆ ಉಳಿದದ್ದು ಒಂದೇ, ಊರ ಕರಿಗಲ್ಲು. ಈ ಸೀಮೆಯಲ್ಲಿ ಊರು ಕಟ್ಟುವ ಮೊದಲು ಅಗಸಿ ಬಾಗಿಲ ಮುಂದೆ ನೆಡುವ ಕಲ್ಲು ಅದು. ಹೊಸ ಸೊಸೆ ಅದಕ್ಕೆ ನೀರು ಹಾಕಿಯೇ ಊರೊಳಗೆ ಕಾಲಿಡಬೇಕು, ಕಾರಹುಣ್ಣಿಮೆಗೆ ಎತ್ತುಗಳು ಅದರ ಮುಂದಿನಿಂದಲೇ ಓಡಬೇಕು. ಒಮ್ಮೆ ನೆಟ್ಟರೆ ಕೀಳುವ ಹಾಗಿಲ್ಲ. ಹಿರಿಯರು ಕೀಳಲಿಲ್ಲ, ನೀರಿಗೆ ಬಿಟ್ಟು ಬಂದರು.

ಬಂದ ಮೇಲೆ ಹೊಸದೊಂದನ್ನು ನೆಟ್ಟುಕೊಳ್ಳಬಹುದಿತ್ತು. ನೆಡಲಿಲ್ಲ. ಅದಕ್ಕೆ ಅವರು ಮುಹೂರ್ತ ಸಿಗಲಿಲ್ಲ, ಅಯ್ಯನವರು ಬರಲಿಲ್ಲ ಎಂದೆಲ್ಲ ನೆಪ ಹೇಳುತ್ತಿದ್ದರಂತೆ. ನಿಜವಾದ ಕಾರಣ ಬೇರೆ. ನೀರು ಎಂದಾದರೂ ಇಳಿದೀತು, ತಿರುಗಿ ಹೋದೇವು ಎಂಬ ಆಸೆ ಅವರಲ್ಲಿತ್ತು. ಇಲ್ಲಿ ಕಲ್ಲು ನೆಟ್ಟರೆ ಆ ಆಸೆಯನ್ನು ತಮ್ಮ ಕೈಯಿಂದಲೇ ಹೂತ ಹಾಗೆ. ಹೀಗೆ ಒಂದು ತಲೆಮಾರು ಆಸೆಯಲ್ಲೇ ಕಳೆಯಿತು. ಅವರ ಮಕ್ಕಳು ಆಸೆಯನ್ನೂ ಮರೆತರು, ಕಲ್ಲನ್ನೂ ನೆಡಲಿಲ್ಲ. ಸೊಸೆಯಂದಿರು ಬಸ್ಸಿನಿಂದ ಇಳಿದು ನೇರ ಮನೆಗೆ ಹೋದರು.

ಈ ಊರಲ್ಲಿ ಹುಟ್ಟಿದವರಲ್ಲಿ ರೈಲಿನ ಹುಚ್ಚು ಹತ್ತಿದವನೆಂದರೆ ಗಾದಿಲಿಂಗಪ್ಪ. ಮೂರೆಕರೆ ಮಳೆಭೂಮಿ, ಒಂದು ಜೋಡಿ ಎತ್ತು, ಸಣಕಲು ಮೈ. ಬೇಸಾಯದ ನಡುವೆ ಬಿಡುವಾದಾಗಲೆಲ್ಲ ಹಳಿಯ ಕೆಲಸಕ್ಕೆ ಓಡುತ್ತಿದ್ದ. ತೊಂಬತ್ತರ ದಶಕದಲ್ಲಿ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವಾಗ ತಳಕಲ್‌ನಿಂದ ಗಿಣಿಗೇರಿಯವರೆಗೆ ಕೂಲಿ ಮಾಡಿದ್ದ. ಆ ಸಣ್ಣ ರೈಲು ಎಷ್ಟು ನಿಧಾನವೆಂದರೆ, ಭಾನಾಪುರದ ಹತ್ತಿರ ಇಳಿದು ಹೊಲದಲ್ಲಿ ಒಂದು ಹಿಡಿ ಕಡಲೆ ಕಿತ್ತುಕೊಂಡು ಮತ್ತೆ ಹತ್ತಬಹುದಿತ್ತು ಎಂದು ಹೇಳುತ್ತಿದ್ದ. ಅದರಲ್ಲಿ ಅರ್ಧ ಸುಳ್ಳು. ಆದರೆ ಹಳೆಯ ಹಳಿಯನ್ನು ಬಿಚ್ಚಿ ಲಾರಿಗೆ ಹೇರಿದ ದಿನ ಇವನು ಊಟ ಬಿಟ್ಟು ಕೂತಿದ್ದು ಪೂರ್ತಿ ನಿಜ. ನಮ್ಮಪ್ಪ ಕೂತು ಹೋದ ದಾರಿ ಅದು ಎಂದು ಮರುಗಿದ್ದ.

ಗಿಣಿಗೇರಿಯಿಂದ ಗಂಗಾವತಿ ಕಡೆಗೆ ಹೊಸ ಹಳಿ ಬರುತ್ತದೆ ಎಂದು ೧೯೯೭ರಲ್ಲಿ ಸುದ್ದಿಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಸರ್ವೆಯವರ ಜೀಪು ಬಂತು. ಅವರಿಗೆ ಸರಪಳಿ ಹಿಡಿಯಲು, ಝಂಡಾ ಎತ್ತಿ ನಿಲ್ಲಲು ಆಳು ಬೇಕಿತ್ತು. ಗಾದಿಲಿಂಗಪ್ಪ ಕರೆಯುವ ಮೊದಲೇ ಹೋಗಿ ನಿಂತ. ಅವನ ಮೇಲೆ ಮೇಸ್ತ್ರಿಯಾಗಿದ್ದವನು ಜಿಲಾನಸಾಬ, ಗದಗಿನ ಕಡೆಯವನು, ಮೂವತ್ತು ವರ್ಷ ಸರಪಳಿ ಎಳೆದು ಬೆನ್ನು ಬಾಗಿದ ಮನುಷ್ಯ. ಅವನು ಕಲಿಸಿದ್ದನ್ನು ಗಾದಿಲಿಂಗಪ್ಪ ಮಂತ್ರದ ಹಾಗೆ ಕಲಿತ. ದುರ್ಬೀನಿನ ಮುಂದೆ ಉಸಿರಾಡದೆ ನಿಲ್ಲುವುದು, ಸಾಹೇಬರು ಕೈ ಬೀಸಿದರೆ ಎಷ್ಟು ಬೆರಳು ಎಡಕ್ಕೆ, ಎಷ್ಟು ಬಲಕ್ಕೆ ಸರಿಯಬೇಕೆಂದು ಅರಿಯುವುದು. ಕೈಲಿ ಝಂಡಾ ಹಿಡಿದು ಕರಿ ಹೊಲದ ನಡುವೆ ನಿಂತಾಗ, ತಾನು ನಿಂತಲ್ಲಿಗೇ ರೈಲು ಬರುತ್ತದೆ ಎಂದು ಅವನಿಗೆ ಅನಿಸುತ್ತಿತ್ತು. ಅನಿಸುವುದರಲ್ಲಿ ತಪ್ಪೇನೂ ಇರಲಿಲ್ಲ, ಬರುವುದು ಅಲ್ಲಿಗೇ.

ಬಹುಪಾಲು ಜಾಗದಲ್ಲಿ ಕಟ್ಟಿಗೆಯ ಗೂಟ ಹೊಡೆಯುತ್ತಿದ್ದರು. ಕಿಲೋಮೀಟರಿಗೊಂದರಂತೆ ಮಾತ್ರ ಕೆತ್ತಿದ ಕಲ್ಲು ನೆಡುತ್ತಿದ್ದರು. ಮೊಣಕಾಲೆತ್ತರ, ತಲೆಗೆ ಸುಣ್ಣ, ಹೊಟ್ಟೆಯ ಮೇಲೆ ಕರಿ ಬಣ್ಣದಲ್ಲಿ ಒಂದು ಅಂಕಿ. ಹದಿನೇಳನೆಯ ಕಲ್ಲು ಹೊಸ ಕಬ್ಬೇರಹಾಳದ ಮೂಡಣ ಬಯಲಿಗೆ ಬಂತು. ಜ್ಯೇಷ್ಠದ ಬಿಸಿಲು, ಊರೆಲ್ಲ ಬಿತ್ತನೆಗೆ ಹೋಗಿತ್ತು. ಅವನ ಹೆಂಡತಿ ಮಾರೆವ್ವ ತವರಾದ ಅಳವಂಡಿಗೆ ಹೋಗಿದ್ದಳು. ಗಾದಿಲಿಂಗಪ್ಪ ಕುಣಿ ತೋಡಿ, ಕಲ್ಲು ಇಳಿಸಿ, ಮಣ್ಣು ತುಳಿದ.

"ನೋಡಪಾ, ಈ ಕಲ್ಲು ಅಲುಗಾಡಿದ್ರ ನಮ್ಮ ಲೆವಲ್ಲೆಲ್ಲ ಮಣ್ಣುಪಾಲು" ಎಂದ ಜಿಲಾನಸಾಬ. "ಹಿಂದಿನ ಊರಾಗ ಒಂದನ್ನ ಅರಬಿ ಒಗೆಯಾಕ ಒಯ್ದಾರ. ಇನ್ನೊಂದಕ್ಕ ಮೇಕಿ ಕಟ್ಟ್ಯಾರ. ಇದು ನಿನ್ನ ಊರಿಂದು, ನೀನ ನಿಗಾ ಇಡಬೇಕು."

"ಇಡ್ತೀನ್ರಿ" ಎಂದ ಗಾದಿಲಿಂಗಪ್ಪ. ಕೊಟ್ಟ ಮಾತನ್ನು ತೂಕ ಮಾಡಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಅಲ್ಲಿಂದ ಮುಂದಿನ ಊರಿಗೆ ಸರ್ವೆ ನಡೆಯಿತು, ನಾಲ್ಕು ದಿನ ಅಲ್ಲೇ ವಸ್ತಿ. ಐದನೆಯ ದಿನ ಕಾರಹುಣ್ಣಿಮೆ, ರಜೆ ಕೊಟ್ಟರು. ಗಾದಿಲಿಂಗಪ್ಪ ಮಧ್ಯಾಹ್ನ ಊರ ಹತ್ತಿರ ಬಂದಾಗ ಮೂಡಣ ಬಯಲಿನಲ್ಲಿ ಜನವೋ ಜನ. ಅವನ ಹದಿನೇಳನೆಯ ಕಲ್ಲಿಗೆ ಅರಿಷಿಣ, ಕುಂಕುಮ, ಕಣಗಿಲ ಹೂವು. ಮುಂದೆ ಮುತ್ತುಗದೆಲೆಯ ಮೇಲೆ ಹೋಳಿಗೆ. ಅಂಕಿಯ ಮೇಲೆ ಕುಂಕುಮ ಎಷ್ಟು ದಪ್ಪ ಬಳಿದಿದ್ದರೆಂದರೆ ಹದಿನೇಳೂ ಇಲ್ಲ, ಹದಿನೆಂಟೂ ಇಲ್ಲ.

ಆದದ್ದು ಇಷ್ಟು. ತವರಿನಿಂದ ಬೆಳಿಗ್ಗೆ ಬಸ್ಸಿಳಿದು ನಡೆದು ಬರುತ್ತಿದ್ದ ಮಾರೆವ್ವನಿಗೆ ಬಯಲಿನಲ್ಲಿ ಕಲ್ಲು ಕಂಡಿತು. ಅವಳ ಮೊದಲ ಕೂಸು ಹುಟ್ಟಿ ಹದಿನಾಲ್ಕು ದಿನಕ್ಕೆ ಹೋಗಿತ್ತು. ಆಮೇಲೆ ಮೂರು ವರ್ಷ ಏನೂ ಇರಲಿಲ್ಲ. ಕರಿಗಲ್ಲಿಲ್ಲದ ಊರಿಗೆ ಮಗಳನ್ನು ಕೊಟ್ಟೆವು, ಅದಕ್ಕೇ ಹೀಗಾಯಿತು ಎಂದು ಅವಳ ತಾಯಿ ಆ ಸಲವೂ ಕಣ್ಣೀರು ಹಾಕಿ ಕಳಿಸಿದ್ದಳು. ಅದೇ ಮಾತು ಕಿವಿಯಲ್ಲಿಟ್ಟುಕೊಂಡು ಬಂದವಳಿಗೆ, ಎಲ್ಲ ಊರುಗಳಲ್ಲಿ ಕರಿಗಲ್ಲು ಎಲ್ಲಿರಬೇಕೋ ಅಲ್ಲಿಯೇ, ಅದೂ ಕಾರಹುಣ್ಣಿಮೆಯ ದಿನ, ತಲೆಗೆ ಸುಣ್ಣ ಹಚ್ಚಿಕೊಂಡು ಕಲ್ಲು ನಿಂತಿತ್ತು. ಅವಳು ಮತ್ತೇನು ತಿಳಿಯಬೇಕಿತ್ತು? ಕೈಯಲ್ಲಿದ್ದ ತಂಬಿಗೆಯ ನೀರು ಹಾಕಿ, ಮಡಿಲಕ್ಕಿಯ ಅರಿಷಿಣ ಕುಂಕುಮ ಹಚ್ಚಿ ಅಡ್ಡಬಿದ್ದಳು. ನೋಡಿದ ಹೆಂಗಸರು ಕೊಡ ತಂದರು.

ಊರಿಗೆ ಸರ್ವೆಯ ಸುದ್ದಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸರ್ವೆಯವರೆಂದರೆ ಗೂಟ ಹೊಡೆಯುವವರು ಎಂದೇ ಅವರು ತಿಳಿದಿದ್ದರು. ಇಂಥ ಕಲ್ಲನ್ನು ಕಂಡಿರಲಿಲ್ಲ. ಬಿತ್ತನೆಯ ಗಡಿಬಿಡಿಯಲ್ಲಿ ನಾಲ್ಕು ದಿನ ಆ ಬಯಲಿನ ಕಡೆ ಯಾರೂ ತಿರುಗಿ ನೋಡಿರಲೂ ಇಲ್ಲ. ಅನುಮಾನ ಬಂದದ್ದು ಒಬ್ಬನಿಗೆ, ಕೊಟ್ರಪ್ಪನಿಗೆ. ಹಳೆಯ ಊರನ್ನು ಹುಡುಗನಾಗಿ ಕಣ್ಣಾರೆ ಕಂಡವರಲ್ಲಿ ಉಳಿದ ಹಿರಿಯ ಅವನೇ. ಗಾದಿಲಿಂಗಪ್ಪನನ್ನು ಹತ್ತಿರ ಕರೆದ. ಮುದುಕನ ಕಣ್ಣು ಆಗಲೇ ಒದ್ದೆಯಾಗಿದ್ದವು.

"ಏನಪಾ, ನೀವೇನರ ಇಟ್ಟೀರೇನಿದನ್ನ?"

ಇಟ್ಟಿದ್ದೇವೆ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಜನ ನಕ್ಕು ಹೋಳಿಗೆ ಉಂಡು ಹೋಗುತ್ತಿದ್ದರು. ಅವನ ಬಾಯಿಗೆ ಆ ಮಾತು ಬಂದಿತ್ತು ಕೂಡ. ಆದರೆ ಜನರ ನಡುವಿನಿಂದ ಮಾರೆವ್ವ ಅವನನ್ನೇ ನೋಡುತ್ತಿದ್ದಳು. ಮೂರು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದನ್ನು ಅವನು ಕಂಡಿರಲಿಲ್ಲ.

"ಇಲ್ರಿ ಅಜ್ಜಾರ" ಎಂದ. "ನಾವು ಬರೇ ಗೂಟ ಹೊಡದೇವಿ."

"ಹಂಗಾದ್ರ ಹಳೇ ಊರಿಂದ ಅದು ತಾನ ಬಂದೈತಿ" ಎಂದ ಕೊಟ್ರಪ್ಪ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮರುದಿನ ಗಾದಿಲಿಂಗಪ್ಪ ಹೆದರಿಕೊಂಡೇ ಜಿಲಾನಸಾಬನಿಗೆ ಹೇಳಿದ. ಅವನು ಬೀಡಿ ಹಚ್ಚುತ್ತ ನಕ್ಕ. "ಬಿಡೋ ಮಾರಾಯಾ, ಇನ್ನ ನಿನ್ನ ಕಲ್ಲನ್ನ ಯಾವ ಮಗನೂ ಮುಟ್ಟಂಗಿಲ್ಲ. ನಮಗೂ ಅಷ್ಟ ಬೇಕಾಗಿದ್ದು." ಆ ಮಾತಿನಿಂದ ಗಾದಿಲಿಂಗಪ್ಪನ ಮನಸ್ಸು ಸ್ವಲ್ಪ ನಿರಾಳವಾಯಿತು. ಸುಳ್ಳು ಹೇಳಿಯೂ ಮಾತು ಉಳಿಸಿಕೊಂಡಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇಸಿಗೆ ಮುಗಿಯಿತು, ಜೀಪು ಹೋಯಿತು, ಜಿಲಾನಸಾಬ ಮತ್ತೆ ಈ ಕಡೆ ಬರಲಿಲ್ಲ.

ರೈಲೂ ಬರಲಿಲ್ಲ. ಒಂದು ವರ್ಷ, ಎರಡು ವರ್ಷ, ಐದು ವರ್ಷ. ಗೂಟಗಳು ಒಲೆ ಸೇರಿದವು. "ಏನೋ ರೈಲಪ್ಪಾ, ನಿನ್ನ ಗಾಡಿ ಎಲ್ಲಿಗೆ ಬಂತು?" ಎಂದು ಊರವರು ಕೆಣಕುತ್ತಿದ್ದರು. "ಬರ್ತೈತಿ, ಹಳಿ ಹಾಕಾಕತ್ಯಾರ" ಎನ್ನುತ್ತಿದ್ದ. ಎಲ್ಲಿ ಹಾಕುತ್ತಿದ್ದಾರೆ ಎಂದು ಅವನಿಗೂ ಗೊತ್ತಿರಲಿಲ್ಲ. ಕೆಲಸವಿಲ್ಲದ ದಿನ ಗಿಣಿಗೇರಿ ಸ್ಟೇಷನ್ನಿಗೆ ಹೋಗಿ ಗೂಡ್ಸು ಬಂಡಿಗಳನ್ನು ನೋಡುತ್ತ ಕೂರುತ್ತಿದ್ದ. ಆ ಕೂರುವಿಕೆಯಿಂದ ಅವನಿಗೆ ಏನು ಸಿಗುತ್ತಿತ್ತೋ ನಾನು ಕೇಳಿಲ್ಲ. ಕೆಲವರಿಗೆ ಗುಡಿಯ ಕಟ್ಟೆ ಇರುತ್ತದೆ, ಇವನಿಗೆ ಪ್ಲಾಟ್‌ಫಾರ್ಮಿತ್ತು.

ಊರಿಗೆ ಮಾತ್ರ ಕಲ್ಲು ಬಂದಿತ್ತು. ಇಸವಿ ಎರಡು ಸಾವಿರದಲ್ಲಿ ಮಾರೆವ್ವನಿಗೆ ಹೆಣ್ಣು ಕೂಸು ಹುಟ್ಟಿತು, ಸಹನಾ ಎಂದು ಹೆಸರಿಟ್ಟರು, ಕೂಸು ಉಳಿಯಿತು. ಅಂದಿನಿಂದ ಮಾರೆವ್ವ ಕರಿಗಲ್ಲ ಮಾರೆವ್ವ ಆದಳು. ಮದುವೆಯಾದ ಸೊಸೆ ಬಂದರೆ ಮೊದಲ ತಂಬಿಗೆ ಅವಳದೇ, ಆಮೇಲೆ ಸೊಸೆಯದು. ಬಾಣಂತಿ ಹೊರಬಂದರೆ ಅವಳು ಜೊತೆಗೆ ಹೋಗಬೇಕು. ಕಾರಹುಣ್ಣಿಮೆಗೆ ಎತ್ತು ಓಡಿಸುವ ಮೊದಲು ಗಂಡಸರು ಅವಳ ದಾರಿ ನೋಡುತ್ತ ನಿಲ್ಲುತ್ತಿದ್ದರು. ಮೂರೆಕರೆಯವನ ಹೆಂಡತಿಗೆ ಈ ಮರ್ಯಾದೆ ಮತ್ತೆ ಯಾವ ದಾರಿಯಿಂದಲೂ ಸಿಗುತ್ತಿರಲಿಲ್ಲ. ಗಾದಿಲಿಂಗಪ್ಪ ಅವಳ ಹಿಂದೆ ನಿಂತು ಕೈಮುಗಿಯುತ್ತಿದ್ದ. ಮುಗಿಯುವಾಗ ಕಣ್ಣು ನೆಲ ನೋಡುತ್ತಿತ್ತು. ಜನ ಅದನ್ನು ಭಕ್ತಿ ಎಂದುಕೊಂಡರು.

ಸಹನಾಗೆ ನಾಲ್ಕು ವರ್ಷವಾದಾಗ ಜ್ವರ ಬಂತು. ಕೊಪ್ಪಳದ ಆಸ್ಪತ್ರೆಯಲ್ಲಿ ಮೂರು ದಿನವಾದರೂ ಇಳಿಯಲಿಲ್ಲ. ಮಾರೆವ್ವ ಕೂಸಿನ ಹತ್ತಿರ ಕೂತಿದ್ದಳು. ಬುತ್ತಿ ತರಲೆಂದು ಊರಿಗೆ ಬಂದ ಗಾದಿಲಿಂಗಪ್ಪ ಸುಡುವ ಮಧ್ಯಾಹ್ನದಲ್ಲಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬಯಲಿಗೆ ಹೋದ. ತಾನೇ ಕುಣಿ ತೋಡಿ, ತಾನೇ ತುಳಿದು ನಿಲ್ಲಿಸಿದ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ನೀ ಏನರ ಆಗು, ನನ್ನ ಕೂಸು ಉಳಿಸು" ಎಂದ. ಮಗು ಉಳಿಯಿತು. ಔಷಧದಿಂದ ಉಳಿಯಿತು ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಆ ದಿನದಿಂದ ಅವನು ಕೈಮುಗಿಯುವುದು ಬೇರೆಯಾಯಿತು. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹೇಳಲು ಹೋದರೆ ಮೊದಲಿನಿಂದ ಹೇಳಬೇಕು.

೨೦೧೪ರ ಮಾಘದಲ್ಲಿ ಯಂತ್ರಗಳು ಬಂದವು. ಹಳಿಗೆಂದು ಹಾಕುವ ಕೆಮ್ಮಣ್ಣಿನ ಏರಿ ಗಿಣಿಗೇರಿ ಕಡೆಯಿಂದ ಹೊಲ ಹೊಲ ದಾಟಿ ಬರತೊಡಗಿತು. ರೈಲಪ್ಪನ ಮಾತು ನಿಜವಾಯಿತು ಎಂದು ಊರು ಅವನ ಬೆನ್ನು ತಟ್ಟಿತು. ಒಂದು ವಾರ ಅವನು ನೆಲದ ಮೇಲೆ ನಡೆದಾಡಲಿಲ್ಲ ಎನ್ನಬೇಕು. ಆಮೇಲೆ ಸುನಿತಾ ಎಂಬ ಇಂಜಿನಿಯರ್ ಬಂದಳು. ಕಂಟ್ರಾಕ್ಟರ ಕಡೆಯವಳು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಕಾಗದ ಬಿಡಿಸಿ, ಏರಿಯ ನಟ್ಟನಡುವಿನ ಗೆರೆ ಕರಿಗಲ್ಲಿನ ಮೇಲೆಯೇ ಹಾಯುತ್ತದೆ ಎಂದು ತೋರಿಸಿದಳು. ಹಾಯದೆ ಏನು? ಆ ಗೆರೆಗೆಂದೇ ಅದನ್ನು ನೆಟ್ಟದ್ದು.

"ಹದಿನೈದು ದಿನ ಟೈಮ್ ಐತ್ರಿ ಅಜ್ಜಾರ" ಎಂದಳು ಸುನಿತಾ, ಕೊಟ್ರಪ್ಪನಿಗೆ. "ಪೂಜಿ ಮಾಡಿ ಎತ್ತಿ ಬ್ಯಾರೆ ಕಡೆ ಇಟ್ಕೊಳ್ರಿ. ಬೇಕಾದ್ರ ನಮ್ಮ ಗಾಡಿ ಕೊಡ್ತೀವಿ."

ಕೊಟ್ರಪ್ಪನಿಗೆ ಆಗ ಎಪ್ಪತ್ತು ದಾಟಿತ್ತು. ಕೋಲೂರಿ ನಿಂತೇ ಹೇಳಿದ. "ನೆಟ್ಟ ಕರಿಗಲ್ಲು ಕೀಳಂಗಿಲ್ಲವ್ವ. ನಮ್ಮಪ್ಪ ನೀರಾಗ ಬಿಟ್ಟು ಬಂದ, ಕೀಳಲಿಲ್ಲ. ನಾನೂ ಕೀಳಂಗಿಲ್ಲ. ನೀವು ಮಣ್ಣು ಹಾಕ್ರಿ, ನಾವು ನಿಂತು ನೋಡ್ತೀವಿ."

ಜಗಳವಾಡಿದ್ದರೆ ಆಕೆಗೆ ಉತ್ತರ ಗೊತ್ತಿತ್ತು. ಈಗ ಕಾಗದ ಮಡಚಿಕೊಂಡಳು. ಊರು ಕೂಡಿ ಅದನ್ನೇ ಗೊತ್ತು ಮಾಡಿತು. ಕಲ್ಲು ಕೀಳುವುದಿಲ್ಲ, ಬೇರೆ ನೆಡುವುದೂ ಇಲ್ಲ. ಹಳೆಯದು ನೀರಿಗೆ ಹೋಯಿತು, ಇದು ಮಣ್ಣಿಗೆ ಹೋಗಲಿ. ನಮ್ಮ ಹಣೆಬರಹದಲ್ಲಿ ಊರು ಎನ್ನುವುದು ಇಲ್ಲ, ಕ್ಯಾಂಪೇ ಇರಲಿ ಎಂದು ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಮಾರೆವ್ವ ಎರಡು ದಿನ ಒಲೆ ಹಚ್ಚಲಿಲ್ಲ, ಸಹನಾಳೇ ರೊಟ್ಟಿ ಬಡಿದಳು.

ಗಾದಿಲಿಂಗಪ್ಪನಿಗೆ ಈಗ ನುಂಗಲೂ ಆಗದು, ಉಗುಳಲೂ ಆಗದು. ಸುಮ್ಮನಿದ್ದರೆ ಕಲ್ಲು ಏರಿಯ ಅಡಿಗೆ ಹೋಗುತ್ತದೆ, ಊರು ಇನ್ನೊಂದು ತಲೆಮಾರು ಬರಿದಾಗುತ್ತದೆ. ಅದು ಸರ್ವೆಯ ಕಲ್ಲು ಎಂದು ಬಾಯಿಬಿಟ್ಟರೆ ಕೀಳಲು ಯಾರ ಅಡ್ಡಿಯೂ ಇಲ್ಲ. ಆದರೆ ಆ ಒಂದು ಮಾತಿಗೆ ಮಾರೆವ್ವನ ಹದಿನಾರು ವರ್ಷ ನಗೆಪಾಟಲಾಗುತ್ತದೆ. ಅವಳನ್ನು ಹಾಗೆ ನಡುಬಯಲಲ್ಲಿ ನಿಲ್ಲಿಸುವುದಕ್ಕಿಂತ ತಾನು ಆ ಮಣ್ಣಿನಡಿಗೆ ಹೋಗುವುದು ಸುಲಭ ಎನಿಸಿತು. ಎಂಟು ದಿನ ಹೀಗೇ ಹೋದವು. ಏರಿ ಪಕ್ಕದ ಹೊಲಕ್ಕೆ ಬಂತು.

ಒಂಬತ್ತನೆಯ ದಿನ ಬೆಳಿಗ್ಗೆ ಇಬ್ಬರೂ ಕಡಲೆ ಕೀಳುತ್ತಿದ್ದರು. ಕಡಲೆಯನ್ನು ಮಂಜಿನ ಹಸಿಯಿರುವಾಗಲೇ ಕೀಳಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ. ಗಿಡದ ಹುಳಿಗೆ ಬೆರಳು ಚುರುಗುಟ್ಟುತ್ತಿದ್ದವು. ಒಂದು ಸಾಲು ಮುಗಿಸಿ ಗಾದಿಲಿಂಗಪ್ಪ ಕೈ ಒರೆಸಿಕೊಂಡ.

"ಮಾರೀ, ಆ ಕಲ್ಲು ನಾನ ನೆಟ್ಟೀನಿ."

"ಯಾವ ಕಲ್ರಿ?" ಎಂದಳು. ಊರಲ್ಲಿ ಬೇರೆ ಕಲ್ಲಿನ ಮಾತೇ ಇರಲಿಲ್ಲ.

"ಅದ. ಸರ್ವೆದವರದು. ನೀ ಅಳವಂಡಿಗೆ ಹೋಗಿದ್ದಿ. ಹದಿನೇಳನೇ ನಂಬರ. ಕುಂಕುಮದ ತೆಳಗ ಇನ್ನೂ ಇರಬೇಕು ನೋಡು."

ಮಾರೆವ್ವ ಗಿಡ ಕೀಳುವುದನ್ನು ನಿಲ್ಲಿಸಲಿಲ್ಲ. ನಾಲ್ಕು, ಐದು, ಆರು ಗಿಡ ಕಿತ್ತಳು. ಆಮೇಲೆ ಎದ್ದು ನಿಂತಳು.

"ಕೊಟ್ರಪ್ಪಜ್ಜ ಕೇಳಿದಾಗ ಇಲ್ಲ ಅಂದಿ."

"ಅಂದೆ."

"ಹದಿನಾರು ವರ್ಷ ನನ್ನ ಹಿಂದ ನಿಂತು ಕೈಮುಗದಿ. ಯಾರಿಗೆ ಮುಗದಿ? ರೈಲಿಗೇನು?"

ಮದುವೆಯಾದ ದಿನದಿಂದ ಗಂಡನಿಗೆ ರಿ ಎನ್ನದೆ ಮಾತಾಡಿದವಳಲ್ಲ. ಆ ಬೆಳಿಗ್ಗೆ ಅದು ಬಿಟ್ಟುಹೋಯಿತು. ಗಾದಿಲಿಂಗಪ್ಪನ ಹತ್ತಿರ ಉತ್ತರವಿತ್ತು, ಜ್ವರದ ಮಧ್ಯಾಹ್ನದ್ದು. ನಾಲಿಗೆಯ ತುದಿಗೂ ಬಂತು. ಈಗ ಹೇಳಿದರೆ ತಪ್ಪಿಸಿಕೊಳ್ಳಲು ಹೇಳಿದ ಹಾಗಾಗುತ್ತದೆ ಎಂದು ನುಂಗಿಕೊಂಡ. ಅವಳು ಕಿತ್ತ ಗಿಡಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಅಂದೇ ಹೊತ್ತು ಏರಿದ ಮೇಲೆ ಸಾಲೆಯ ಕಟ್ಟೆಯ ಹತ್ತಿರ ಊರವರನ್ನು ಕೂಡಿಸಿ ಅವನು ಎಲ್ಲವನ್ನೂ ಹೇಳಿದ. ಸರಪಳಿ, ಜಿಲಾನಸಾಬ, ಕುಣಿ, ಸುಳ್ಳು. ಹೇಳುವಾಗ ಧ್ವನಿ ಸಣ್ಣದಾಗಿತ್ತು, ಹಿಂದೆ ಕೂತವರು ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದ. ಒಬ್ಬಿಬ್ಬರು ನಕ್ಕರು. ಕೊಟ್ರಪ್ಪ ನಗಲಿಲ್ಲ.

"ನಾ ಅತ್ತಿದ್ದು ನೋಡಿದ್ಯಲ್ಲೋ" ಎಂದ. "ನೋಡಿ ಸುಮ್ಮನಿದ್ಯಲ್ಲ." ಕೋಲೂರಿಕೊಂಡು ಮನೆಗೆ ಹೋದ. ಯಾರು ಕರೆದರೂ ತಿರುಗಲಿಲ್ಲ.

ದೇವರಲ್ಲದ ಮೇಲೆ ತಗಾದೆ ಏನು? ಊರು ಕೈ ತೊಳೆದುಕೊಂಡಿತು. ರೈಲಿನ ಕಲ್ಲು ರೈಲಿನವರೇ ಒಯ್ಯಲಿ ಎಂದರು. ಸುನಿತಾ ಬಂದು ನೋಡಿ, ಈಗ ಅಳತೆಯೆಲ್ಲ ಬೇರೆ ಥರ, ಅದು ನಮಗೂ ಬೇಡ ಎಂದಳು. ಹದಿನಾರು ವರ್ಷ ಊರಿಗೂ ರೈಲಿಗೂ ಬೇಕಾಗಿದ್ದ ಕಲ್ಲು ಒಂದೇ ದಿನದಲ್ಲಿ ಯಾರಿಗೂ ಬೇಡವಾಯಿತು. ನೀರಿನ ನಲ್ಲಿಯ ಹತ್ತಿರ ಮಾರೆವ್ವನ ಕೊಡ ಸರಿಸಿ, "ರೈಲ್ವೆ ಪೂಜಾರೆವ್ವಗ ಮೊದಲ ಬಿಡ್ರವ್ವ" ಎಂದು ಉಡಚಮ್ಮ ಕೊಂಕಾಡಿದಳು. ಎರಡು ವರ್ಷದ ಕೆಳಗೆ ಇದೇ ಉಡಚಮ್ಮ ತನ್ನ ಸೊಸೆಯನ್ನು ಕರೆದುಕೊಂಡು ಇವಳ ಬಾಗಿಲಲ್ಲಿ ಕಾದು ನಿಂತಿದ್ದಳು. ಮಾರೆವ್ವ ಕೊಡ ತುಂಬಿಕೊಂಡಳು, ಮರುದಿನದಿಂದ ನೀರಿಗೆ ಬಾವಿಗೆ ಹೋದಳು. ಮನೆಯಲ್ಲಿ ಗಂಡನ ಮುಂದೆ ತಾಟು ಇಟ್ಟು ಹೊರಗೆ ಹೋಗುತ್ತಿದ್ದಳು. ಅವನು ಅರ್ಧ ಉಂಡು ಎದ್ದುಬಿಡುತ್ತಿದ್ದ.

ಹದಿನೈದನೆಯ ದಿನ ಯಂತ್ರ ಬಯಲಿನ ಅಂಚಿಗೆ ಬಂತು. ಗಾದಿಲಿಂಗಪ್ಪ ಹಾರೆ, ಸಲಿಕೆ, ಒಂದು ಗೋಣಿಚೀಲ ಹಿಡಿದು ಒಬ್ಬನೇ ಹೋದ. ಯಂತ್ರದ ಡ್ರೈವರ್ ಬೀಡಿ ಸೇದುತ್ತ ಕಾದ. ಮಣ್ಣು ಗಟ್ಟಿಯಾಗಿತ್ತು. ಹದಿನಾರು ಮಳೆಗಾಲ ಅದನ್ನು ಹಿಡಿದುಕೊಂಡಿದ್ದವು. ಕಲ್ಲು ಒಂದು ಕಡೆ ಅಲುಗಿದಾಗ, ಜಿಲಾನಸಾಬನಿಗೆ ಕೊಟ್ಟ ಮಾತು ಮುರಿಯಿತು ಎನಿಸಿತು. ಹೇಗೋ ಮೇಲೆ ತಂದು ಗೋಣಿಯ ಮೇಲೆ ಉರುಳಿಸಿ ಎಳೆಯತೊಡಗಿದ. ಐವತ್ತರ ಹತ್ತಿರದ ಮೈ, ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕಾಗುತ್ತಿತ್ತು. ಮೂರನೆಯ ಸಲ ನಿಂತು ತಲೆಯೆತ್ತಿದಾಗ ಎದುರಿಗೆ ಮಾರೆವ್ವ ನಿಂತಿದ್ದಳು. ಕಂಕುಳಲ್ಲಿ ಕೊಡ, ಕೈಯಲ್ಲಿ ತಂಬಿಗೆ, ಬಾವಿಯಿಂದ ಬರುತ್ತಿದ್ದವಳು.

"ಎಲ್ಲಿಗೆ ಒಯ್ತಿ?"

"ಮನಿಗೆ."

"ಮನ್ಯಾಗ ಏನ್ ಮಾಡ್ತಿ? ಅರಬಿ ಒಗೆಯೋ ಕಲ್ಲ ಮಾಡ್ತಿ?"

"ಇಲ್ಲ."

"ಮತ್ತ ಏನದು? ಸುಳ್ಳು ಹೇಳಿದಾವನೂ ನೀನ, ಖರೇ ಹೇಳಿದಾವನೂ ನೀನ. ಈಗೂ ನೀನ ಹೇಳು. ಕಲ್ಲಾದ್ರ ಇಲ್ಲೇ ಬಿಟ್ಬಿಡು. ದೇವರಾದ್ರ ಮನ್ಯಾಗ ಇಡಂಗಿಲ್ಲ, ಊರ ಮುಂದ ಇರಬೇಕು."

ಆಗ ಅವನು ಹೇಳಿದ. ಬುತ್ತಿಗೆಂದು ಬಂದ ದಿನ, ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ ಸಹನಾ, ಸುಡುವ ಬಯಲು. "ನಾನ ನೆಟ್ಟಿದ್ದು ಅಂತ ಗೊತ್ತಿತ್ತು ಮಾರೀ. ಗೊತ್ತಿದ್ದೂ ಕೂತು ಬೇಡಿಕೊಂಡೆ. ಬ್ಯಾರೆ ಯಾರ ಹಂತೇಲಿ ಹೋಗಬೇಕಂತ ತಿಳೀಲಿಲ್ಲ. ಆವತ್ತಿನಿಂದ ನಾ ಮುಗದಿದ್ದು ಖರೇನ ಮುಗದೀನಿ." ಅಷ್ಟಕ್ಕೇ ಅತ್ತುಬಿಟ್ಟ.

ಮಾರೆವ್ವ ಕೊಡ ಇಳಿಸಿದಳು. ಗೋಣಿಯ ಇನ್ನೊಂದು ಮೂಲೆ ಹಿಡಿದಳು.

"ಅತ್ತಿದ್ದು ಸಾಕು, ಎಳೀರಿ" ಎಂದಳು.

ಇಬ್ಬರೂ ಕೂಡಿ ರೈಲಿನವರ ಜಾಗದ ಗಡಿ ದಾಟಿ ಊರ ಕಡೆಗೆ ಎಳೆದು ತಂದರು. ಸಾಲೆಗೂ ಬಯಲಿಗೂ ನಡುವಿನ ದಾರಿಯ ಬದಿಯಲ್ಲಿ ಗಾದಿಲಿಂಗಪ್ಪ ಹೊಸ ಕುಣಿ ತೋಡತೊಡಗಿದ. ಈ ಸಲ ಯಾರೂ ಬಿತ್ತನೆಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತವರು, ಮಾಳಿಗೆಯ ಮೇಲೆ ಕಡಲೆ ಒಣಗಿಸುತ್ತಿದ್ದವರು, ಎಲ್ಲರ ಕಣ್ಣೂ ಅವನ ಮೇಲೆಯೇ. ಕುಣಿ ಮೊಳದಾಳವಾದಾಗ ಯಾರೋ ಇಬ್ಬರು ಇಳಿದು ಬಂದರು. ಅವರ ಹಿಂದೆ ನಾಲ್ಕು ಜನ. ಕೈ ಮಾತ್ರ ಹಚ್ಚಲಿಲ್ಲ, ನಿಂತು ನೋಡಿದರು.

ಕಲ್ಲು ಇಳಿಸುವ ಮೊದಲು ಮಾರೆವ್ವ ಸೆರಗಿನ ತುದಿಯಿಂದ ಅದರ ಮೈ ಉಜ್ಜಿದಳು. ಪದರ ಪದರ ಕುಂಕುಮ ಎದ್ದು, ಮಾಸಿದ ಅಂಕಿ ಕಾಣಿಸಿತು. ಗಾದಿಲಿಂಗಪ್ಪ ಹಾರೆಯ ಮೊನೆಯಿಂದ ಅದನ್ನು ಕೆರೆಯಲು ಬಾಗಿದ.

"ಇರಲಿ ಬಿಡ್ರಿ" ಎಂದಳು. "ಈಗ ಯಾರ ಮುಂದ ಮುಚ್ಚೂದು?"

ಕಲ್ಲು ಕುಣಿಯಲ್ಲಿ ನಿಂತು, ಮಣ್ಣು ತುಳಿಯುತ್ತಿರುವಾಗ ಜನ ಸರಿದು ದಾರಿ ಬಿಟ್ಟರು. ಕೊಟ್ರಪ್ಪ ಬಂದಿದ್ದ. ಕಲ್ಲನ್ನು, ಅಂಕಿಯನ್ನು, ಬೆವರಿನಲ್ಲಿ ತೊಯ್ದ ಗಾದಿಲಿಂಗಪ್ಪನನ್ನು ನೋಡಿದ. ಬಯಲಿನಲ್ಲಿ ಯಂತ್ರ ಮಣ್ಣು ಸುರಿಯುವ ಸದ್ದು ಕೇಳುತ್ತಿತ್ತು.

"ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲಪಾ" ಎಂದ. "ಸಾಯೂತನ ಹೋಗ್ತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಇದು ನಮ್ಮಪ್ಪ ಮಾಡಬೇಕಾಗಿದ್ದ ಕೆಲಸ. ಅವ ಮಾಡಲಿಲ್ಲ. ನಾನೂ ಮಾಡಲಿಲ್ಲ. ತಾನ ಬರಲಿ ಅಂತ ಕಾದಿವಿ." ಕೋಲನ್ನು ಬಗಲಿಗೆ ಸಿಗಿಸಿಕೊಂಡು ಒಂದು ಹಿಡಿ ಮಣ್ಣು ತೆಗೆದು ಕಲ್ಲಿನ ಬುಡಕ್ಕೆ ಹಾಕಿದ. "ಯಾರರ ನೀರು ಹಾಕ್ರಿ."

ಎಲ್ಲರೂ ಮಾರೆವ್ವನ ಕಡೆ ನೋಡಿದರು. ಹದಿನಾರು ವರ್ಷದ ರೂಢಿ, ಕಣ್ಣು ಬೇರೆ ಕಡೆ ಹೋಗಲಿಲ್ಲ. ಮಾರೆವ್ವ ದಾರಿಯಲ್ಲಿ ಇಳಿಸಿ ಬಂದಿದ್ದ ಕೊಡವನ್ನು ತಂದಳು. ತಂಬಿಗೆಗೆ ನೀರು ಬಗ್ಗಿಸಿ ಗಂಡನ ಮುಂದೆ ಹಿಡಿದಳು.

"ನನ್ನ ಹಿಂದ ನಿಂತಿದ್ದು ಸಾಕು" ಎಂದಳು. "ಮುಂದ ಬರ್ರಿ."

ಗಾದಿಲಿಂಗಪ್ಪ ತಂಬಿಗೆ ಎತ್ತುವಾಗ ಅರ್ಧ ನೀರು ಅವನ ಕಾಲ ಮೇಲೇ ಬಿತ್ತು. ಉಳಿದದ್ದನ್ನು ಊರೆಲ್ಲ ನೋಡುತ್ತಿದ್ದಂತೆ ಕಲ್ಲಿನ ತಲೆಯ ಮೇಲೆ ಹಾಕಿದ.